ಟೇಲರಮ್ಮ ಓಟಕ್ಕೆ ಹೆಸರು ಕೊಟ್ಟಳು

ಬೆಡ್‌ಶೀಟನ್ನು ಅರ್ಧ ಹಿಂಡಿದ್ದಳಷ್ಟೇ... ಕಾಲಿಂಗ್ ಬೆಲ್!

"ಪುಟ್ಟೀ, ಯಾರು ನೋಡೇ!"

"ಇನ್ಯಾರಮ್ಮಾ? ಓಟದ ಅಂಕಲ್!"

ಮೊಣಕೈವರೆಗೆ ಸೋಪಿನ ನೊರೆಯೊಂದಿಗೇ ಅವಳು ಬಾಗಿಲಿಗೆ ಬಂದಳು. ಎದುರಿಗೆ ಮಕ್ಕಳ ಆಸ್ಪತ್ರೆಯ ನರ್ಸ್. ರಾತ್ರಿ ಪಾಳಿ ಮುಗಿಸಿದ ಕೆಂಪು ಕಣ್ಣು, ಕಂಕುಳಲ್ಲಿ ಪೋಸ್ಟರಿನ ಸುರುಳಿ, ಮುಖದ ತುಂಬ ನಗು.

ಆ ನಗು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಸಿಟ್ಟಿಗೇ ಉರಿಯುವುದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

"ಟೇಲರಮ್ಮಾ, ಭಾನುವಾರ ಬರ್ತೀರಲ್ವಾ? ವಾರ್ಡಿನ ಮಕ್ಕಳಿಗೆ ಗಾಲಿಕುರ್ಚಿ ತರೋಕೆ ಓಟ. ಓಡೋಕಾಗದಿದ್ರೆ ನಡೀರಿ..."

"ರೀ, ಅಂಗಡಿಗೆ ಪೋಸ್ಟರ್ ಅಂಟಿಸಿ ಅಂದ್ರಿ, ಅಂಟಿಸಿದೆ. ಗಿರಾಕಿಗಳಿಗೆ ಹೇಳಿ ಅಂದ್ರಿ. ಓಟಕ್ಕೆ ಬರದಿದ್ರೆ ಪ್ಯಾಂಟಿಗೆ ಜಿಪ್ ಹಾಕ್ಕೊಡಲ್ಲ ಅಂತ ಹೆದರಿಸಿ ಇಡೀ ಬೀದೀನೇ ಸೇರಿಸಿದೀನಿ! ಇನ್ನೇನು ನನ್ನ ಪ್ರಾಣ ಬೇಕಾ?"

"ಅಯ್ಯೋ, ಪ್ರಾಣ ಯಾಕೆ? ನೀವು ಬಂದ್ರೆ ಸಾಕು."

"ಆಯ್ತು ಮಾರಾಯ್ರೇ, ಬರ್ತೀನಿ! ಹೆಸರು ಬರ್ಕೊಳ್ಳಿ. ಇನ್ಮೇಲೆ ಬೆಳಬೆಳಗ್ಗೆ ಬೆಲ್ ಒತ್ತೋ ಕೆಲಸ ಇಲ್ವಲ್ಲ?"

ಕುಣಿದಾಡುತ್ತಾನೆ ಎಂದುಕೊಂಡಿದ್ದಳು. ಅವನ ಮುಖ ಬಾಡಿಹೋಯಿತು.

"ಇಲ್ಲ... ಇನ್ನು ಬರಲ್ಲ" ಎಂದು ಮೆಲ್ಲಗೆ ಹೇಳಿ ಮೆಟ್ಟಿಲಿಳಿದ.

ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ.

ಅವಳಿಗೆ ಬೇಕಾಗಿದ್ದುದೂ ಅದೇ ತಾನೆ? ಮತ್ತೇಕೆ ಬಟ್ಟೆ ಒಗೆಯುವಾಗ ನಲ್ಲಿ ನಿಲ್ಲಿಸಿ ನಿಲ್ಲಿಸಿ ಕಿವಿಗೊಡುತ್ತಿದ್ದಳು? ಗಂಡ ತೀರಿಕೊಂಡ ಮೇಲೆ ಆ ಬಾಗಿಲಿಗೆ ಬಂದವರೆಲ್ಲ ಹೊಲಿಸಿಕೊಳ್ಳಲು ಬಂದವರೇ. ಬಟ್ಟೆಯ ಗಂಟಿಲ್ಲದೆ ಬಂದವನು ಇವನೊಬ್ಬನೇ...

'ಹೆಸರು ಸಿಕ್ಕಿತು, ಕೆಲಸ ಮುಗಿಯಿತು. ನಾನವನಿಗೆ ಲೆಕ್ಕಕ್ಕೊಂದು ತಲೆ, ಅಷ್ಟೇ!'

ಆ ಸಿಟ್ಟಿನಲ್ಲಿ ಯಾರದೋ ಶರ್ಟಿಗೆ ಕಾಲರ್ ತಿರುಗುಮುರುಗಾಗಿ ಹೊಲಿದಳು. ಬಿಚ್ಚಿ ಮತ್ತೆ ಹೊಲಿದಳು. ಮತ್ತೆ ತಿರುಗುಮುರುಗು!

ಶನಿವಾರ, ಓಟಕ್ಕೆ ಹೆಸರು ಬರೆದುಕೊಳ್ಳುತ್ತಿದ್ದ ಬೇಕರಿ ಅಜ್ಜಿ ಬಂದು ಓಟದ ಟೀ ಶರ್ಟೊಂದನ್ನು ಮೆಷಿನ್ನಿನ ಮೇಲೆ ಹಾಕಿದರು.

"ತಗೋಳೇ. ಆ ನರ್ಸ್ ತನ್ನದನ್ನೇ ನಿನಗೆ ಕೊಟ್ಟುಬಿಡಿ ಅಂದ."

"ತನ್ನದನ್ನಾ? ಯಾಕಜ್ಜಿ, ನಾನು ಹೆಸರು ಕೊಟ್ಟಿದ್ನಲ್ಲ?"

"ನೀನು ಕೊಟ್ಟಿದ್ದು ಮೊನ್ನೆ. ಹೆಸರು ತಗೊಳ್ಳೋದು ಅದಕ್ಕೂ ಹಿಂದಿನ ವಾರವೇ ಮುಗಿದಿತ್ತು. ಅವನಿಗೆ ಗೊತ್ತಿರಲಿಲ್ವಾ?"

"ಮತ್ತೆ ದಿನಾ ಬಂದು ನನ್ನ ತಲೆ ತಿಂದಿದ್ದು ಯಾಕೆ?"

"ಅದನ್ನ ನನ್ನ ಕೇಳ್ತೀಯಲ್ಲ, ಪೆದ್ದಿ!"

ಭಾನುವಾರ ಎಲ್ಲರೂ ಓಡಿ ಮುಗಿಸಿದ ಮೇಲೆ ಅವಳು ಪುಟ್ಟಿಯ ಕೈಹಿಡಿದು ಕೊನೆಯವಳಾಗಿ ನಡೆದು ಬಂದಳು. ಟೀ ಶರ್ಟ್ ಮೊಣಕಾಲು ಮುಟ್ಟುತ್ತಿತ್ತು. ಅಷ್ಟು ಬಟ್ಟೆ ಹೊಲಿಯುವವಳಿಗೆ ಅದಕ್ಕೆ ಕತ್ತರಿ ಹಾಕಲು ಮನಸ್ಸು ಬಂದಿರಲಿಲ್ಲ. ನೀರಿನ ಮೇಜಿನ ಹಿಂದೆ ಅವನು ಲೋಟ ಹಿಡಿದು ನಿಂತಿದ್ದ.

"ರೀ! ಹೆಸರು ತಗೊಳ್ಳೋದು ಮುಗಿದ ಮೇಲೂ ಬಂದು ಬೆಲ್ ಒತ್ತಿದ್ರಲ್ಲ, ತಲೆ ಕೆಟ್ಟಿತ್ತಾ ನಿಮಗೆ?"

"ಹೂಂ, ಕೆಟ್ಟಿತ್ತು." ಅವನು ಲೋಟವನ್ನೇ ನೋಡುತ್ತಾ ಹೇಳಿದ. "ವಾರ್ಡಿನಲ್ಲಿ ರಾತ್ರಿಯೆಲ್ಲ ಮಕ್ಕಳ ನರಳಾಟ. ನಿಮ್ಮ ಹತ್ರ ಬೈಸಿಕೊಂಡು ಹೋದ್ರೆ ಮನಸ್ಸು ಹಗುರಾಗ್ತಿತ್ತು. ಹಾಗಂತ ಬಾಯಿಬಿಟ್ಟು ಹೇಳೋಕೆ ಧೈರ್ಯ ಬರಲಿಲ್ಲ..."

"ಬರಬೇಡಿ ಅಂದ್ರೆ ನಿಜಕ್ಕೂ ಬರದೇ ಇದ್ದುಬಿಡೋದಾ?" ಬೈಯಲು ಹೊರಟ ದನಿ ನಡುವೆಯೇ ಒಡೆಯಿತು. "ಎಷ್ಟು ಕಾದೆ ಗೊತ್ತಾ..."

ಅವನು ತಲೆಯೆತ್ತಿದ. ಅವಳು ತಗ್ಗಿಸಿದಳು.

ಪುಟ್ಟಿ ಒಮ್ಮೆ ಅವನನ್ನು ನೋಡಿದಳು, ಒಮ್ಮೆ ಅಮ್ಮನನ್ನು. ಈ ದೊಡ್ಡವರಿಂದ ಏನೂ ಆಗುವುದಿಲ್ಲ ಎಂಬಂತೆ ನಿಟ್ಟುಸಿರು ಬಿಟ್ಟು ಸೊಂಟಕ್ಕೆ ಕೈಯಿಟ್ಟಳು.

"ಅಂಕಲ್, ಓಟ ಮುಗೀತಲ್ಲ... ನಾಳೆ ಏನೂ ಕೆಲಸ ಇಲ್ದಿದ್ರೂ ನಮ್ಮನೆಗೆ ಬರ್ತೀರಾ?"