ಮೇಡ್ಲೇರಿಯ ಎರಡು ರಿಜಿಸ್ಟರುಗಳು

"ಖಾಲಾ, ನಾಳೆ ಹನ್ನೊಂದಕ್ಕ ನನ್ನ ತಗದು ಹಾಕ್ತಾರಂತ. ಬಿಪಿ ಅಳೀಲಾರದ ಸುಳ್ಳು ಬರದಾಳ ಅಂತ ಕಾಗದ ಮಾಡ್ತಾರಂತ. ಆಮ್ಯಾಲ ಯಾವ ದವಾಖಾನಿಯೊಳಗೂ ನನಗ ಕೆಲಸ ಸಿಗಂಗಿಲ್ಲ."

ರಾಣೆಬೆನ್ನೂರಿನಲ್ಲಿ ಮಹಮೂದಾಬೇಗಂ ಅವರ ಪಡಸಾಲೆಯಲ್ಲಿ ಕೂತು ಆಯಿಶಾ ಹೀಗೆ ಅಳುತ್ತಿದ್ದಾಗ ಚಂದ್ರಪ್ಪನ ಕೈಯಲ್ಲಿದ್ದ ಚಹಾ ಆರಿಹೋಗಿತ್ತು. ಆರಿದ ಚಹಾ ಕಂಡರೆ ಅವನಿಗೆ ಹುಟ್ಟುಸಿಟ್ಟು. ಅವತ್ತು ಆ ಸಿಟ್ಟೆಲ್ಲ ಹುಡುಗಿಯನ್ನು ಅಳಿಸಿದವರ ಕಡೆ ತಿರುಗಿತು.

ಬೇಗಂ ಅವರು ಆರೋಗ್ಯ ಖಾತೆಯಲ್ಲಿ ಮೂವತ್ತೆರಡು ವರ್ಷ ಅಂಕಿಸಂಖ್ಯೆ ನೋಡಿಕೊಂಡವರು. ಚಂದ್ರಪ್ಪ ಅವರ ಜೀಪಿನ ಡ್ರೈವರ್ ಆಗಿದ್ದವನು. ನಿವೃತ್ತಿಯಾದ ಮೇಲೂ ಸುತ್ತಲಿನ ಜನ ಬಗೆಹರಿಯದ್ದನ್ನೆಲ್ಲ ಬೇಗಂ ಅವರ ಬಾಗಿಲಿಗೇ ತರುತ್ತಿದ್ದರು, ಹಾಗಾಗಿ ಚಂದ್ರಪ್ಪನ ಹಳೆಯ ಓಮ್ನಿಗೂ ಬಿಡುವಿರಲಿಲ್ಲ. ಅಂಕಿ ಅಂದರೆ ಅವನಿಗೆ ಮೈಯುರಿ, ಆದರೆ ಬೇಗಂ ಅವರ ಮಾತೆಂದರೆ ಪ್ರಾಣ.

ಸಂಗತಿ ಇಷ್ಟು. ಮೇಡ್ಲೇರಿಯಲ್ಲಿ ಎಷ್ಟು ಜನರಿಗೆ ಬಿಪಿ ಇದೆ ಎಂದು ತಿಳಿಯಲು ಹಾವೇರಿಯ ಡಾಕ್ಟರ್ ಪ್ರಭುಲಿಂಗಪ್ಪ ಒಂದು ಅಧ್ಯಯನ ನಡೆಸಿದ್ದರು. ಮನೆಮನೆಗೆ ಹೋಗಿ ಬಿಪಿ ಅಳೆಯಲು ಇಬ್ಬರನ್ನು ನೇಮಿಸಿದ್ದರು: ಹೊಳೆ ಕಡೆಯ ನೂರಾ ಇಪ್ಪತ್ತು ಜನ ಆಯಿಶಾಳ ಪಾಲಿಗೆ, ಬಸ್‌ಸ್ಟ್ಯಾಂಡ್ ಕಡೆಯ ನೂರಾ ಇಪ್ಪತ್ತು ಜನ ಸುನೀಲಕುಮಾರನ ಪಾಲಿಗೆ. ಆಯಿಶಾಳ ರಿಜಿಸ್ಟರಿನ ಅಂಕಿಗಳು ಮನೆಯಲ್ಲಿ ಕೂತು ಬರೆದವು ಎಂದು ಡಾಕ್ಟರು ತೀರ್ಮಾನಿಸಿದ್ದರು.

ಆಯಿಶಾ ಮೊಬೈಲಿನಲ್ಲಿ ಎರಡೂ ರಿಜಿಸ್ಟರಿನ ಫೋಟೊ ತೋರಿಸಿದಳು. ಅವಳದರಲ್ಲಿ 130/80, 150/90, 120/70, ಹೀಗೆ ಎಲ್ಲ ಸೊನ್ನೆಯಲ್ಲೇ ಮುಗಿದಿದ್ದವು. ನಡುನಡುವೆ 'ಬೀಗ ಹಾಕೈತಿ', 'ಬ್ಯಾಡಗಿಗೆ ಹೋಗ್ಯಾರ' ಎಂಬ ಬರಹ, ಅಲ್ಲಲ್ಲಿ 190, 210. ಸುನೀಲಕುಮಾರನದರಲ್ಲಿ 127/83, 134/79, 119/75; ಒಂದೂ ಖಾಲಿ ಇಲ್ಲ.

"ಇವು ನೋಡ್ರಿ ಖರೇ ಅಂಕಿ!" ಎಂದುಬಿಟ್ಟ ಚಂದ್ರಪ್ಪ. ಮರುಕ್ಷಣ ಆಯಿಶಾಳ ಮುಖ ನೋಡಿ, ಯಾಕಾದರೂ ಅಂದೆನೋ ಎಂದು ನಾಚಿದ.

"ಎಲ್ಲಾ ಸೊನ್ನಿ ಯಾಕವಾ?" ಎಂದರು ಬೇಗಂ.

"ಒಳಮನ್ಯಾಗ ಬೆಳಕ ಇರೂದಿಲ್ಲ ಖಾಲಾ, ಮಷೀನಿನ ಗೀಟು ಸಣ್ಣವು. ಹತ್ರದ ಹತ್ತಕ್ಕ ಬರೀ ಅಂತ ಮೊದ್ಲ ಕಲಿಸಿದ ಸಿಸ್ಟರ್ ಹೇಳಿದ್ರು."

"ಚೀಲದಾಗಿನ ಮಷೀನು ತಗಿ. ಚಂದ್ರಣ್ಣ, ನೂರಾ ಇಪ್ಪತ್ತರಿಂದ ನೂರಾ ಮೂವತ್ತರ ನಡುವ ಎಷ್ಟು ಸಣ್ಣ ಗೀಟು ಅದಾವ, ಎಣಸ್ರಿ."

ಅದು ಬಿಪಿ ಅಳೆಯುವ ಪಾದರಸದ ಮಷೀನು. ಚಂದ್ರಪ್ಪ ಚಷ್ಮಾ ಏರಿಸಿಕೊಂಡು ಎರಡು ಸಲ ಎಣಿಸಿದ. "ನಾಕ ರೀ."

"ಅಳದದ್ದು ಯಾವಾಗ?"

"ಮೆಣಸಿನಕಾಯಿ ಸುಗ್ಗ್ಯಾಗ. ಸೋಮವಾರದಿಂದ ಗುರುವಾರದ ತನಕ. ಹೆಂಗಸರೆಲ್ಲಾ ತೊಟ್ಟು ಮುರಿಯಾಕ ಟೆಂಪೊ ಹತ್ತಿ ಬ್ಯಾಡಗಿಗೆ ಹೋಗಿಬಿಡ್ತಿದ್ರು."

ಬೇಗಂ ತಲೆಯಾಡಿಸಿ, "ಮುಂಜಾನೆ ಗಾಡಿ ತಗೀರಿ ಚಂದ್ರಣ್ಣ," ಎಂದರು. ಚಂದ್ರಪ್ಪ ರಾತ್ರಿಯೇ ಓಮ್ನಿಗೆ ಪೆಟ್ರೋಲು ಹಾಕಿಸಿದ.

ಮರುದಿನ ಮೇಡ್ಲೇರಿಯ ಸಮುದಾಯ ಭವನದಲ್ಲಿ ಡಾಕ್ಟರು, ಸುನೀಲಕುಮಾರ, ಮೂವತ್ತು-ನಲವತ್ತು ಜನ ಊರವರು ಸೇರಿದ್ದರು. ಡಾಕ್ಟರು ಎದ್ದು ನಿಂತು ಬೇಗಂ ಅವರಿಗೆ ಕುರ್ಚಿ ಕೊಟ್ಟರು. "ನೀವು ಹಿರ್ಯಾರು. ಆದ್ರ ಈ ಸೊನ್ನಿ ನೋಡಿದ್ರ ನಾ ಸುಮ್ಮನಿರಾಕ ಬರೂದಿಲ್ಲರಿ."

"ಸುಮ್ಮನಿರಬ್ಯಾಡ್ರಿ. ಇಬ್ಬರಿಗೂ ಒಂದ ನಮೂನಿ ಮಷೀನು ಕೊಟ್ಟೀರೇನು?"

"ಹೌದ್ರಿ, ಒಂದ ಕಡೆ ತಂದವು."

ಬೇಗಂ ಸುನೀಲಕುಮಾರನ ಕಡೆ ತಿರುಗಿದರು. "ನಿನಗ ಎಲ್ಲಾರೂ ಮನ್ಯಾಗ ಸಿಕ್ಕರೇನಪಾ?"

"ಒಬ್ಬರನ್ನೂ ಬಿಟ್ಟಿಲ್ಲರಿ. ನೂರಾ ಇಪ್ಪತ್ತಕ್ಕ ನೂರಾ ಇಪ್ಪತ್ತು."

"ಅಳದದ್ದು ಈ ನಮೂನಿ ಮಷೀನಿಂದನ?"

"ಇಂಥಾದರಿಂದನ. ಗೀಟು ನೋಡಿ ಬರದೇನ್ರಿ."

ಬೇಗಂ ಆಯಿಶಾಳ ಮಷೀನನ್ನು ಮೇಜಿನ ಮೇಲೆ ನಿಲ್ಲಿಸಿದರು. "ಡಾಕ್ಟರ್ ಸಾಹೇಬ್ರ, ಹತ್ತರೊಳಗ ನಾಕು ಸಣ್ಣ ಗೀಟು. ಅಂದ್ರ ಇದು ಎರಡೆರಡ ಹೆಜ್ಜಿ ಹಾಕತೈತಿ. ನೂರಾ ಇಪ್ಪತ್ತಾರು ತೋರಸತೈತಿ, ನೂರಾ ಇಪ್ಪತ್ತೆಂಟು ತೋರಸತೈತಿ. ನೂರಾ ಇಪ್ಪತ್ತೇಳಕ್ಕ ಗೀಟ ಇಲ್ಲ. ಎಲ್ಲೋ ಒಂದೆರಡು ಸಲ ನಡುವ ನಿಂತಂಗ ಕಂಡೀತು. ಈ ಹುಡುಗನ ರಿಜಿಸ್ಟರದಾಗ ಅರ್ಧಕ್ಕ ಅರ್ಧ ಬೆಸಸಂಖ್ಯೆ!"

ಡಾಕ್ಟರು ರಿಜಿಸ್ಟರನ್ನು ತಮ್ಮತ್ತ ಎಳೆದುಕೊಂಡರು. ಅವರ ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತ ಹೋಯಿತು.

"ತರಬೇತ್ಯಾಗ ನೀವ ಹೇಳಿರಬೇಕು, ಬರೀ ಸೊನ್ನಿ ಬಂದ್ರ ನಂಬೂದಿಲ್ಲ ಅಂತ."

"ಹೇಳೇನ್ರಿ," ಎಂದರು ಡಾಕ್ಟರು ಸಣ್ಣ ದನಿಯಲ್ಲಿ.

"ಅದನ್ನ ತಲ್ಯಾಗ ಇಟಗೊಂಡು ಇವ ಸೊನ್ನಿಯಿಂದ ಒಂಬತ್ತರ ತನಕ ಎಲ್ಲಾ ಅಂಕಿಗೂ ಸಮಪಾಲು ಕೊಟ್ಟು ಬರದ. ಕಣ್ಣಿಂದ ನೋಡಿ ಬರದದ್ದಕ್ಕ ಬರದವರ ಚಟ ಅಂಟಿರತೈತಿ. ಆಯಿಶಾನ ಚಟ ಸೊನ್ನಿ. ಅದು ತಪ್ಪ, ಲೆಕ್ಕಾ ಒರಟಾಗತೈತಿ, ತಿದ್ದಬೇಕು. ಸುಳ್ಳಂತೂ ಅಲ್ಲ. ಇನ್ನ, ಸುಗ್ಗ್ಯಾಗ ಹೊಳಿ ಕಡೆ ಇಪ್ಪತ್ತಾರು ಜನ ಮನ್ಯಾಗ ಇಲ್ಲ, ಬಸ್‌ಸ್ಟ್ಯಾಂಡ್ ಕಡೆ ಒಬ್ಬರೂ ತಪ್ಪಿಲ್ಲ. ಹೊಳಿ ಕಡೆ ಹನ್ನೊಂದು ಮಂದಿಗೆ ನೂರಾ ಎಂಬತ್ತರ ಮ್ಯಾಲ, ಆ ಕಡೆ ಒಬ್ಬರಿಗೂ ನೂರಾ ಐವತ್ತು ದಾಟಿಲ್ಲ. ಒಂದ ಊರು, ಒಂದ ಉಪ್ಪು, ಒಂದ ಖಾರ. ರಸ್ತಾ ದಾಟಿದ ಕೂಡ್ಲೆ ಬ್ಯಾನಿ ನಿಂತುಬಿಡತೈತೇನು?"

ಚಂದ್ರಪ್ಪನಿಗೆ ಎದ್ದು ಚಪ್ಪಾಳೆ ಹೊಡೆಯಬೇಕೆನಿಸಿತು.

"ನಾ ಮನಿಮನಿಗೂ ಹೋಗೇನ್ರಿ!" ಎಂದ ಸುನೀಲಕುಮಾರ. "ಬೇಕಂದ್ರ ಯಾರನ್ನರ ಕೇಳ್ರಿ!"

ಗುಂಪಿನ ಹಿಂದಿನಿಂದ ಒಬ್ಬ ಹೆಂಗಸು ಸೆರಗು ಸರಿಮಾಡಿಕೊಳ್ಳುತ್ತ ಎದ್ದಳು. "ನನ್ನ ಹೆಸರೂ ಅವನ ರಿಜಿಸ್ಟರದಾಗ ಐತ್ರಿ. ನಾ ಪ್ರೇಮವ್ವ, ಅವನ ತಾಯಿ. ನನ್ನ ತೋಳಿಗೂ ಪಟ್ಟಿ ಕಟ್ಟೋ ತಮ್ಮಾ ಅಂದೆ. ನಿನಗೇನ ಆಗೇತಬೇ, ಗುಂಡಕಲ್ಲ ಇದ್ದಂಗ ಅದಿ ಅಂದ. ಆದ್ರೂ ನನ್ನ ಮಗ ಸುಳ್ಳ ಹೇಳಾವ ಅಲ್ಲರಿ, ಬರದದ್ದು ಬರೋಬ್ಬರಿ ಇರತೈತಿ."

ಅವಳು ಮಗನನ್ನು ಉಳಿಸಲೆಂದೇ ಎದ್ದವಳು. ಮಾಡಿದ್ದೇನು ಎಂಬುದು ಅವಳಿಗೆ ತಿಳಿಯಲೇ ಇಲ್ಲ. ಅವಳ ಹೆಸರಿನ ಮುಂದೆ 123/77 ಎಂದಿತ್ತು.

ಬೇಗಂ ಕಣ್ಣಲ್ಲೇ ಹೇಳಿದರು. ಆಯಿಶಾ ಪ್ರೇಮವ್ವನನ್ನು ಕೂಡಿಸಿ, ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿದಳು. ಡಾಕ್ಟರು ಬಗ್ಗಿ ಪಾದರಸ ಇಳಿಯುವುದನ್ನೇ ನೋಡಿದರು. ಇನ್ನೊಮ್ಮೆ ಕಟ್ಟಿಸಿದರು.

"ಎರಡು ನೂರಾ ಹದಿನಾಕು," ಎಂದರು. "ತಾಯಿ, ತಲಿ ನೋಯತೈತೇನ್ರಿ?"

"ತಿಂಗಳಾತ್ರಿ. ಬಿಸಲಿಗಿರಬೇಕು ಅಂತ ಸುಮ್ಮನಿದ್ದೆ."

ಸುನೀಲಕುಮಾರ ಕುಸಿದು ತಾಯಿಯ ಕಾಲ ಬಳಿ ಕೂತ. "ಯವ್ವಾ, ನಾ ಒಬ್ಬರದೂ ನೋಡಿಲ್ಲಬೇ. ನಿಂದೂ ನೋಡಲಿಲ್ಲ," ಎಂದು ಸಣ್ಣ ಹುಡುಗನ ಹಾಗೆ ಅತ್ತ. ಅವನ ಮೇಲೆ ಕುದಿಯುತ್ತಿದ್ದ ಚಂದ್ರಪ್ಪನಿಗೇ ಕರುಳು ಚುರುಕ್ ಎಂದಿತು.

ಡಾಕ್ಟರು ಆಯಿಶಾಳ ಹೆಸರಿನ ಕಾಗದವನ್ನು ಎರಡು ತುಂಡು ಮಾಡಿದರು. "ತಪ್ಪಾತವಾ. ಬಸ್‌ಸ್ಟ್ಯಾಂಡ್ ಕಡೆ ಇನ್ನೂ ನೂರಾ ಹತ್ತೊಂಬತ್ತು ಮಂದಿ ಅದಾರ. ಇವತ್ತ ಶುರು ಮಾಡ್ತೀಯೇನು?"

ಆಯಿಶಾ ಆಗಲೇ ಮಷೀನು ಎತ್ತಿಕೊಂಡಿದ್ದಳು.

ಚಂದ್ರಪ್ಪ ಓಡಿಹೋಗಿ ಓಮ್ನಿ ತಂದ. ರಾಣೆಬೆನ್ನೂರಿನ ದವಾಖಾನೆಗೆ ಹೊರಟಾಗ ಪ್ರೇಮವ್ವ ಕಿಟಕಿಯಿಂದ ಕೈ ಚಾಚಿ ಡಾಕ್ಟರ ತೋಳು ಹಿಡಿದಳು. "ನನಗೇನೂ ಆಗಿಲ್ಲರಿ ಸಾಹೇಬ್ರ," ಎಂದಳು. "ನನ್ನ ಮಗನ ನೌಕರಿ ಒಂದು ತಗೀಬ್ಯಾಡ್ರಿ."