ಮೈಮೇಲೆ ಎಳೆದುಕೊಂಡ ಕೇಡು

"ಬಾಗಲಾ ತೆಗೀಬ್ಯಾಡ್ರಿ! ನನ್ನ ಕೂಸಿನ್ನ ಹೊರಗ ಒಯ್ಯಬ್ಯಾಡ್ರಿ!"

ನೀಲಾಂಬಿಕಾಳ ಕಿರುಚಾಟಕ್ಕೆ ಗ್ಲೆಂಡೇಲ್ ಹೈಟ್ಸ್‌ನ ಆ ಮನೆಯೇ ನಡುಗಿತು. ಅವಳು ಎದೆಗವಚಿಕೊಂಡಿದ್ದ ಹತ್ತು ತಿಂಗಳ ರಿಯಾಳ ಮೈ ಕಾದ ಹಂಚಿನಂತೆ ಸುಡುತ್ತಿತ್ತು. ಜ್ವರ ನೂರಾನಾಲ್ಕು ದಾಟಿತ್ತು. ತಕ್ಷಣ ಎಮರ್ಜೆನ್ಸಿಗೆ ಕರೆದುಕೊಂಡು ಬನ್ನಿ ಎಂದು ಡಾಕ್ಟರ್ ಫೋನಿನಲ್ಲೇ ಗದರಿದ್ದರು. ಗಂಡ ಕಲ್ಮೇಶ್ ಕೆಲಸದ ಮೇಲೆ ಡೆಟ್ರಾಯ್ಟ್‌ಗೆ ಹೋಗಿದ್ದ. ಪಕ್ಕದ ಮನೆಯ ತಾಹೇರಾ ಕಾರು ಸ್ಟಾರ್ಟ್ ಮಾಡಿಟ್ಟು ಓಡಿಬಂದಿದ್ದಳು. ಎಲ್ಲ ಸರಿಯಾಗಿಯೇ ನಡೆದಿತ್ತು... ಹೊಸ್ತಿಲಿಗೆ ಬರುವಷ್ಟರಲ್ಲಿ ಮಗು ಸೀನಿತು. ಒಂದೇ ಒಂದು ಸೀನು! ತಾಯಿ ಅಲ್ಲೇ ಬಾಗಿಲಿಗೆ ಅಡ್ಡವಾಗಿ ಕುಸಿದು ಕುಳಿತಳು.

ನಗಬೇಡಿ. ಹೋದ ಚಳಿಗಾಲ ಇದೇ ಹೊಸ್ತಿಲಲ್ಲಿ ಮಾವ ಶರಣಪ್ಪನವರೂ ಸೀನಿದ್ದರು. "ಒಂಟಿ ಸೀನು ಬಂತು. ಒಂದ್ ಗಳಿಗಿ ಕುಂತು, ನೀರು ಕುಡದು ಹೋಗ್ರಿ," ಎಂದಿದ್ದರು ಅತ್ತೆ ಮಲ್ಲಮ್ಮ. "ಅತ್ತಿ, ಇದು ಬಾಗಲಕೋಟಿ ಅಲ್ರಿ," ಎಂದು ನಕ್ಕು ಸೊಸೆ ಕಾರು ತೆಗೆದಳು. ಲೆಮಾಂಟ್ ದೇವಸ್ಥಾನದ ದಾರಿಯಲ್ಲಿ, ಹಿಮ ಹೆಪ್ಪುಗಟ್ಟಿದ ರಸ್ತೆಯ ಮೇಲೆ ಕಾರು ಜಾರಿತು. ಅವಳಿಗೆ ಬರೀ ತರಚುಗಾಯ. ಮಾವ ಉಳಿಯಲಿಲ್ಲ. ಹೆಣದ ಮುಂದೆ ಮಲ್ಲಮ್ಮ ಎದೆ ಬಡಿದುಕೊಂಡು ಅತ್ತರು: "ಕುಂದ್ರು ಅಂದ್ರ ಕುಂದರಲಿಲ್ಲ... ನನ್ನ ಕುಂಕುಮಾ ಅಳಿಸಿಬಿಟ್ಟಿ!"

ಆ ಮಾತು ಅವಳೊಳಗೆ ಮುಳ್ಳಾಗಿ ಮುರಿದುಕೊಂಡಿತು. ಶಕುನವೆಂದರೆ ನಗುತ್ತಿದ್ದ ಇಂಜಿನಿಯರ್ ಹೆಂಗಸು, ಬೆಕ್ಕು ಅಡ್ಡ ಬಂದರೆ ಆಫೀಸಿಗೆ ರಜೆ ಹಾಕತೊಡಗಿದಳು. ನಿನ್ನ ತಪ್ಪಿಲ್ಲ, ನಿನ್ನ ತಪ್ಪಿಲ್ಲ ಎಂದು ಕೌನ್ಸೆಲರ್ ವಾರವಾರವೂ ಇಂಗ್ಲಿಷಿನಲ್ಲಿ ಹೇಳಿದಳು. ಒಳ್ಳೆಯವಳೇ, ಪಾಪ! ಆದರೆ ಹಾಲಿನ ಜೊತೆ ಕುಡಿದ ಭಯ ಅಷ್ಟಕ್ಕೆಲ್ಲ ಇಳಿಯುತ್ತದೆಯೇ?

"ಹುಚ್ಚಿ ಥರ ಆಡಬೇಡ ಕಣೇ ನೀಲಾ! ನಮ್ಮನೇಲಿ ಸೀನಿದ್ರೆ ಅಲ್ಲಾಹ್‌ಗೆ ಶುಕ್ರ್ ಅಂತ ಥ್ಯಾಂಕ್ಸ್ ಹೇಳ್ತೀವಿ," ಎನ್ನುತ್ತ ತಾಹೇರಾ ಫೋನ್ ತೆಗೆದಳು. "ಆಂಬುಲೆನ್ಸ್‌ಗೆ ಕಾಲ್ ಮಾಡ್ತೀನಿ."

"ಯಾರರ ಬರಲಿ, ಕೊಡಂಗಿಲ್ಲ! ಈಗ ದಾಟಿದ್ರ ನನ್ನ ಕೂಸು ತಿರುಗಿ ಬರಂಗಿಲ್ಲ... ಅತ್ತಿ, ನೀವಽ ಹೇಳಿದ್ರಲ್ರೀ!"

ಹಿಂದೆಯೇ ನಿಂತಿದ್ದ ಮಲ್ಲಮ್ಮ ಮಗುವಿನ ಕಡೆ ನೋಡಿದರು. ಮೊಮ್ಮಗಳ ಕತ್ತು ತಾಯಿಯ ತೋಳಿನ ಮೇಲೆ ಜೋತುಬಿದ್ದಿತ್ತು. ಕಣ್ಣು ಅರೆ ತೆರೆದು, ಬಿಳಿ ಮಾತ್ರ ಕಾಣುತ್ತಿತ್ತು. ಎಲ್ಲ ಸುಳ್ಳು ಅಂದುಬಿಡಲೇ? ಅಂದರೆ ಸೊಸೆ ನಂಬುವುದಿಲ್ಲ. ಅದು ಸುಳ್ಳೆಂದು ತನಗೇ ನಂಬಿಕೆಯಿಲ್ಲ!

ಮುದುಕಿ ಬಗ್ಗಿದರು. ಮಗುವಿನ ತಲೆಯಿಂದ ಪಾದದವರೆಗೆ ಎರಡೂ ಕೈ ಸವರಿ, ತಮ್ಮ ಕಣತಲೆಗೆ ಒತ್ತಿ ಲಟಲಟನೆ ಲಟಿಕೆ ಮುರಿದರು. ಆಮೇಲೆ ಬಾಗಿಲು ತೆರೆದು, ಸೊಸೆಯನ್ನೂ ಹೊಸ್ತಿಲನ್ನೂ ದಾಟಿ, ಬರಿಗಾಲಲ್ಲಿ ಹಿಮದ ಮೇಲೆ ಇಳಿದು ನಿಂತರು.

"ನೋಡು, ಮದಲ ದಾಟಿದಾಕಿ ನಾ. ಈ ಸೀನಿನ ಕೇಡೆಲ್ಲಾ ನನ್ನ ಮ್ಯಾಲ ಬರಲಿ, ದೇವರಾಣಿ! ಕೂಸಿಗೆ ಇನ್ನೇನೂ ಉಳಿದಿಲ್ಲ. ಏಳವ್ವಾ... ನಿನ್ನ ಕಾಲು ಬೀಳ್ತೀನಿ, ಏಳು!"

ನೀಲಾಂಬಿಕಾ ಎದ್ದಳು.

ಇನ್ನು ಸ್ವಲ್ಪ ತಡವಾಗಿದ್ದರೂ ಕಷ್ಟವಿತ್ತು ಎಂದರು ಡಾಕ್ಟರ್. ಮಗು ಬದುಕಿತು. ವಾರ ಕಳೆದು ಮನೆಗೆ ಬಂದಾಗ ಡೆಟ್ರಾಯ್ಟ್‌ನಿಂದ ಓಡಿಬಂದಿದ್ದ ಕಲ್ಮೇಶನ ಮುಂದೆ ನೀಲಾಂಬಿಕಾ ಎಷ್ಟೋ ತಿಂಗಳ ನಂತರ ನಕ್ಕಳು. "ಅತ್ತಿ, ಏನೂ ಆಗಲಿಲ್ಲ ನೋಡ್ರಿ!"

"ಹೂಂ," ಎಂದರು ಮಲ್ಲಮ್ಮ.

ರಿಯಾ ಅಂಬೆಗಾಲಿಟ್ಟು ಅಜ್ಜಿಯ ಬಳಿ ಬಂದು ಎರಡೂ ಕೈ ಚಾಚಿದಳು. ಮಲ್ಲಮ್ಮ ಗಡಬಡಿಸಿ ಹಿಂದೆ ಸರಿದು, ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡರು.

"ಅತ್ತಿ, ಎತ್ಕೋರಿ. ನಿಮ್ಮನ್ನಽ ಕರೀಲಿಕತ್ತಾಳ."

"ಬ್ಯಾಡವ್ವಾ... ಬರೋದು ಇನ್ನೂ ಬಂದಿಲ್ಲ. ಯಾವತ್ತು ಬಂದು ಎರಗತದೋ ಏನೋ. ಆವಾಗ ಕೂಸು ನನ್ನ ಉಡಿಯಾಗ ಇರಬಾರದು."

ನೀಲಾಂಬಿಕಾಳ ನಗು ಇಂಗಿಹೋಯಿತು. ಅವಳು ಅತ್ತೆಯ ಕೈ ಹಿಡಿಯಲು ಹೋದಳು, ಅವರು ಅವಳಿಂದಲೂ ಸರಿದರು. ಮಗು ಅಳತೊಡಗಿತು. ಮಲ್ಲಮ್ಮ ತಮ್ಮ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡರು.