ಒಳಗೆಲ್ಲ ಮೋಸ

"ಬಿಟ್ಬಿಡಿಂಗ, ನಾನು ಹಿಡ್ಕೊಂಡಿದೀನಿ."

ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿದ್ದ ಸೋಫಾ ಬೆಡ್ಡಿನ ಆಚೆ ತುದಿಯಿಂದ ಬಂದ ಆ ಮಾತು ಕೇಳಿ ಪ್ರೇರಣಾಳ ಕೈ ನಿಜವಾಗಿಯೂ ಸಡಿಲವಾಯಿತು.

ಕನ್ನಡ...

ದಾವಣಗೆರೆಯಿಂದ ತಮಿಳು ಸೀಮೆಯ ಪೆರಿಯನಾಯಕನಪಾಳ್ಯಕ್ಕೆ, ಮಿಲ್ಲಿನ ಆಫೀಸಿನ ಕೆಲಸಕ್ಕೆಂದು ಬಂದಾಗಿನಿಂದ ಈ ಓಣಿಯಲ್ಲಿ ಅವಳು ಕನ್ನಡ ಕೇಳಿರಲಿಲ್ಲ. ಇದೋ, ತಮಿಳಿನ ರಾಗ ಹತ್ತಿದ ಕನ್ನಡ. ಸೋಫಾದ ಮೇಲಿನಿಂದ ಒಂದು ಮುಖ ಇಣುಕಿತು. ಬೆವರಿಳಿಯುತ್ತಿದ್ದರೂ ನಗುತ್ತಿದ್ದ ಕಣ್ಣುಗಳು.

ಎದುರು ಮನೆಯ ಪ್ರೇಮ್ ಕುಮಾರ್. ಪಂಪ್‌ಸೆಟ್ ಕಾರ್ಖಾನೆಯಲ್ಲಿ ಇಂಜಿನಿಯರ್. ಊರು ವೆಳ್ಳಕೋಯಿಲ್. ತಲೆಮಾರುಗಳಿಂದ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅವನಿಗೆ ಕನ್ನಡದ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಒಮ್ಮೆ ಅವಳು ಚೀಟಿಯಲ್ಲಿ ಅವನ ಹೆಸರನ್ನು ಕನ್ನಡದಲ್ಲಿ ಬರೆದುಕೊಟ್ಟಳು. ಮರುದಿನ ನೋಡಿದರೆ ಅದು ಅವನ ಫೋನಿನ ಕವರಿನೊಳಗಿತ್ತು.

ಅಷ್ಟಕ್ಕೇ ಕರಗುವವಳಲ್ಲ ಪ್ರೇರಣಾ. ಏನೇನೋ ನೆಪ ತೆಗೆದು ಮನೆಯೊಡತಿ ಗೋಮತಿಯ ಬಳಿ ಅವನ ಬಗ್ಗೆ ವಿಚಾರಿಸಿದ್ದಳು. ಅದಕ್ಕೆ ಕಾರಣವಿತ್ತು. ಅವಳ ಅಕ್ಕನ ಗಂಡ ಮೊದಲ ಮದುವೆಯನ್ನು ಮುಚ್ಚಿಟ್ಟು ತಾಳಿ ಕಟ್ಟಿದ್ದ. ಅಂದಿನಿಂದ ಅವರ ಮನೆಯಲ್ಲಿ 'ಮೋಸ' ಎಂಬ ಮಾತನ್ನು ಯಾರೂ ಗಟ್ಟಿಯಾಗಿ ಆಡುವುದಿಲ್ಲ. ರಾತ್ರಿ ಹೊತ್ತು ಹಾವಿನ ಹೆಸರು ಎತ್ತದ ಹಾಗೆ.

ಆದರೂ ಎಷ್ಟು ದಿನ ಕಾವಲು ಕಾಯುವುದು? ಮನಸ್ಸು ಸೋತಿತು. ಅಪ್ಪ ಅಮ್ಮ ಭಾನುವಾರ ಸಂಜೆ ಬರುವವರಿದ್ದರು. ಅವರೆದುರೇ ಮದುವೆಯ ಮಾತೆತ್ತುವೆನೆಂದು ಪ್ರೇಮ್ ಹೇಳಿದ್ದ.

ಉಳಿದಿದ್ದು ಒಂದೇ ಚಿಂತೆ. ಇರುವುದೊಂದು ಕೋಣೆ, ಮಲಗಲು ಆ ಸೋಫಾ ಬೆಡ್ಡು. ಮೊದಲ ಸಂಬಳದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡು, ನೀಲಿ ಹೊದಿಕೆ ಹೊಲಿಸಿ, ಅವಳು ಮುದ್ದಿನಿಂದ ಇಟ್ಟುಕೊಂಡಿದ್ದಳು. ಅಪ್ಪನಿಗೋ ಸೊಂಟನೋವು. ಹೊಸ ಹಾಸಿಗೆ ಈ ತಿಂಗಳಿಗೆ ಆಗದ ಮಾತು. ಖರ್ಚಿಲ್ಲದೆ ಏನಾದರೂ ಮಾಡೋಣ ಎಂದು ಶನಿವಾರ ಮಧ್ಯಾಹ್ನ ಪ್ರೇಮ್ ಅದನ್ನು ಬಿಚ್ಚಿ ನೋಡಲು ಬಂದ. ಅವಳು ಹಾಲು ತರಲು ಕೆಳಗಿನ ಅಂಗಡಿಗೆ ಹೋದಳು.

ವಾಪಸಾದಾಗ ಬಾಗಿಲಾಚೆ ಅವನ ದನಿ ಕೇಳಿಸಿತು. ಫೋನಿನಲ್ಲಿ ತನ್ನಮ್ಮನ ಜೊತೆ ಮಾತಾಡುತ್ತಿದ್ದ.

"ತುಂಬ ಮೋಸಮ್ಮ. ನೋಡೋಕೆ ಚೆಂದ, ಒಳಗೆಲ್ಲ ಮೋಸ. ಅವಳಿಗೆ ಮಾತ್ರ ತಿಳೀಬಾರ್ದು. ಅವರಪ್ಪ ಬರೋ ಮುಂಚೆ ಎಲ್ಲ ಸರಿ ಮಾಡ್ಬಿಡಣ. ನೀನೂ ಬಾ."

ಪ್ರೇರಣಾಳ ಕೈಯಲ್ಲಿದ್ದ ಹಾಲಿನ ಪ್ಯಾಕೆಟ್ಟು ತಣ್ಣಗೆ ಕೊರೆಯಿತು.

ಅಕ್ಕನಿಗೂ ಹೀಗೇ ಆಗಿತ್ತಲ್ಲವೇ... ಹುಡುಗನೂ ಅವನ ಅಮ್ಮನೂ ಸೇರಿಯೇ ಮುಚ್ಚಿಟ್ಟಿದ್ದರು. ಇವನು ಏನನ್ನು ಮುಚ್ಚಿಡುತ್ತಿದ್ದಾನೆ? ಕೇಳಿದರೆ ಇನ್ನೊಂದು ಸುಳ್ಳು ಹೇಳಬಹುದು. ಆ ಸುಳ್ಳನ್ನು ತಾನು ನಂಬಿಬಿಡಬಹುದು. ಅವಳಿಗೆ ಹೆಚ್ಚು ಭಯವಾದದ್ದು ಅದಕ್ಕೇ.

ಒಳಗೆ ಹೋಗಿ, ದನಿ ಏರಿಸದೆ ಹೇಳಿದಳು. "ನಾಳೆ ನೀವು ಬರೋದು ಬೇಡ. ಅಪ್ಪನ ಹತ್ತಿರ ಮಾತಾಡೋದೂ ಬೇಡ."

ಅವನ ನಗು ಹಾಗೇ ನಿಂತುಹೋಯಿತು. "ಏನಾಯ್ತುಂಗ?"

"ನಿಮ್ಮ ಬಾಯಿಂದಲೇ ಕೇಳಿಸ್ಕೊಂಡೆ. ಇನ್ನೇನೂ ಕೇಳೋದಿಲ್ಲ."

ಅವನು ಏನೋ ಹೇಳಹೊರಟ. ಅವಳು ಬಾಗಿಲನ್ನು ಇನ್ನಷ್ಟು ಅಗಲವಾಗಿ ತೆರೆದು ಹಿಡಿದಳು. ಅವನು ತಲೆ ತಗ್ಗಿಸಿ ಹೊರಟುಹೋದ.

ಸೋಫಾದ ಮೇಲೆ ಕುಸಿದಾಗ ನಡುವಿನ ಕಬ್ಬಿಣದ ಕಂಬಿ ಬೆನ್ನಿಗೆ ಒತ್ತಿತು. ಇಷ್ಟು ದಿನ ಮುದ್ದಿನಲ್ಲಿ ಅದನ್ನೂ ಲೆಕ್ಕಿಸಿರಲಿಲ್ಲ. ಎಷ್ಟು ಹುಷಾರಾಗಿದ್ದೆ ನಾನು... ಎಲ್ಲಿ ಎಡವಿದೆ?

ಭಾನುವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಸುರುಳಿ ಸುತ್ತಿದ ಹಾಸಿಗೆಯನ್ನು ಅಪ್ಪಿ ಹಿಡಿದು ಹಿರಿಯ ಹೆಂಗಸೊಬ್ಬರು ನಿಂತಿದ್ದರು.

"ಕಣ್ಣು," ಎಂದು ಮುದ್ದಿನಿಂದ ಕರೆದರು. "ನಾನು ಪ್ರೇಮ್‌ನ ಅಮ್ಮ, ಪಾಪಾತಿ. ಅವನು ಕೆಳಗೇ ನಿಂತವ್ನೆ. ಮುಖ ನೋಡಿದ್ರೆ ಪರೀಕ್ಷೇಲಿ ಫೇಲಾದೋನ ಹಾಗಿದಾನೆ."

ವಯಸ್ಸಾದವರ ಮುಖಕ್ಕೆ ಬಾಗಿಲು ಹಾಕುವುದು ಹೇಗೆ? ಪ್ರೇರಣಾ ಬಿಗಿದ ಮುಖದಲ್ಲೇ ನೀರು ಕೊಟ್ಟಳು. ಪಾಪಾತಿ ಗಟಗಟನೆ ಕುಡಿದರು.

"ನಮ್ಮೂರಿಂದ ಕಾಂಗೇಯದ ತನಕ ರೋಡು ತುಂಬ ಮೋಸ. ಬಸ್‌ಸ್ಟ್ಯಾಂಡಲ್ಲಿ ಕುಡಿದ ಟೀ ಅದಕ್ಕಿಂತ ಮೋಸ."

ಪ್ರೇರಣಾ ತಲೆಯೆತ್ತಿದಳು. ರೋಡು... ಮೋಸ?

ಪಾಪಾತಿ ಆಗಲೇ ಸೋಫಾ ಬಿಡಿಸಿ, ಕಂಬಿಯ ಮೇಲೆ ಅಂಗೈ ಒತ್ತಿ ನೋಡುತ್ತಿದ್ದರು. "ಅವನು ಹೇಳಿದ್ದು ಸರಿ. ಮೇಲೆ ಚೆಂದ, ಒಳಗೆಲ್ಲ ಮೋಸ. ಇದ್ರಲ್ಲಿ ಮಲಗಿದ್ರೆ ನಿನ್ನ ಅಪ್ಪನ ಸೊಂಟ ಏನಾಗ್ಬೇಕು?"

"ಅಮ್ಮ..." ಪ್ರೇರಣಾ ಹತ್ತಿರ ಬಂದಳು. "ಮೋಸ ಅಂದ್ರೆ ಏನು?"

"ಮೋಸ ಅಂದ್ರೆ ಕೆಟ್ಟದ್ದು, ಚೆನ್ನಾಗಿಲ್ದೇ ಇರೋದು. ನಿಮ್ಮೂರಲ್ಲಿ ಏನಂತೀರಿ?"

ಪ್ರೇರಣಾಳಿಗೆ ಈಗ ಹೊಳೆಯಿತು. ತಮಿಳಿನಲ್ಲಿ ಒಡೆದ ಹಾಲೂ ಮೋಸ, ಕಿತ್ತುಹೋದ ರಸ್ತೆಯೂ ಮೋಸ. ಆ ಮಾತು ಇವರ ಮನೆಯ ಕನ್ನಡಕ್ಕೂ ಬಂದು ಕೂತಿತ್ತು.

"ಮತ್ತೆ... ನನಗೆ ತಿಳೀಬಾರ್ದು ಅಂದಿದ್ದು?"

"ನಿನ್ನ ಮೊದಲ ಸಂಬಳದ್ದಂತೆ ಇದು. ಇದನ್ನ ಮೋಸ ಅಂದ್ಬಿಟ್ರೆ ಮನಸ್ಸು ನೊಂದ್ಕೊಳ್ತಾಳೆ, ಸದ್ದಿಲ್ದೆ ಸರಿ ಮಾಡ್ಬಿಡಣ ಅಂದ."

ಕಣ್ಣು ಒರೆಸಿಕೊಂಡು ಪ್ರೇರಣಾ ಜೊತೆಗೆ ಕೈ ಹಾಕಿದಳು. ಗೋಮತಿಯಿಂದ ಕೇಳಿ ತಂದ ಹಳೆಯ ಪ್ಲೈವುಡ್ ಹಲಗೆ ಕಂಬಿಯ ಮೇಲೆ ಕೂತಿತು. ತಗ್ಗಿದ್ದ ಕಡೆ ಮಡಚಿದ ಜಮಖಾನ, ಅದರ ಮೇಲೆ ಪಾಪಾತಿ ತಂದ ಬೂರುಗದ ಹತ್ತಿಯ ಹಾಸಿಗೆ. ಕೊನೆಗೆ ಹಳೆಯ ನೂಲಿನ ಸೀರೆಯೊಂದನ್ನು ಬಿಗಿಯಾಗಿ ಹಾಸಿ, ಅಂಚನ್ನು ಒಳಗೆ ಸಿಕ್ಕಿಸಿದರು. ಪಾಪಾತಿ ಮೊದಲು ತಾವೇ ಅದರ ಮೇಲೆ ಉರುಳಿಕೊಂಡರು. ಅಲ್ಲೇ ನಿದ್ದೆ ಹೋದರು.

ಪ್ರೇರಣಾ ಮೆಟ್ಟಿಲಿಳಿದಳು. ಅಂದು ಸೋಫಾ ಸಿಕ್ಕಿಕೊಂಡಿದ್ದ ತಿರುವಿನಲ್ಲೇ ಅವನು ಕೂತಿದ್ದ. ಅವಳನ್ನು ಕಂಡು ಎದ್ದುನಿಂತ.

ಅಕ್ಕನ ಕಥೆಯನ್ನು, ಆ ಒಂದು ಮಾತು ತಮ್ಮ ಮನೆಯಲ್ಲಿ ಏನೆಂಬುದನ್ನು ಅವಳು ನಿಂತೇ ಹೇಳಿ ಮುಗಿಸಿದಳು.

"ಕೇಳದೇ ಕಳಿಸಿಬಿಟ್ಟೆ. ನಾನು ತುಂಬ ಮೋಸ, ಪ್ರೇಮ್."

"ನಿಮ್ಮ ಕನ್ನಡದಲ್ಲಾ, ನಮ್ಮ ಕನ್ನಡದಲ್ಲಾ?"

"ನಿಮ್ಮದರಲ್ಲಿ."

ಒಂದು ದಿನದ ಮೇಲೆ ಅವನ ಕಣ್ಣುಗಳು ಮತ್ತೆ ನಕ್ಕವು.

"ಹಾಗಾದ್ರೆ ಸರಿ ಮಾಡ್ಬಹುದುಂಗ."